ಮೂರೇ ಕಾಲು

ಕಾಮಾಕ್ಷಿಪಾಳ್ಯದಲ್ಲಿ, ಬ್ಯಾಟರಿ ಅಂಗಡಿಯ ಮೇಲೆ
ಇಪ್ಪತ್ತೆರಡು ವರ್ಷದಿಂದ ನನ್ನ ಪಾರ್ಲರು.
ಡಬ್ಬಿ ತಿರುಗಿಸಿ ಓದಿದ್ದು ಇಷ್ಟೇ:
ಬೆಲೆ, ಬಣ್ಣದ ನಂಬರು, ಕೆಡುವ ತಾರೀಖು.

ಮದುಮಗಳ ತಂಗಿ ಪ್ರೇಕ್ಷಾ, ಪಿಯುಸಿ ಹುಡುಗಿ,
ಫೌಂಡೇಶನ್ ಬಾಟಲಿ ಬೆಳಕಿಗೆ ಹಿಡಿದು ಕೇಳಿದಳು:
"ಆಂಟಿ, ಇದನ್ನ ಮೊಲದ ಮೇಲೆ ಟೆಸ್ಟ್ ಮಾಡಿದಾರಾ?"
ಅವಳಕ್ಕನ ಹುಬ್ಬಿನ ಮೇಲೆ ಬಗ್ಗಿದ್ದೆ,
ದಾರದ ತುದಿ ನನ್ನ ಹಲ್ಲಲ್ಲಿತ್ತು.
ಮಾತಾಡದಿರಲು ಒಳ್ಳೆಯ ನೆಪ.

ರಾತ್ರಿ ಶಟರ್ ಅರ್ಧ ಎಳೆದು, ಕನ್ನಡಕ ಏರಿಸಿ
ಇರುವೆ ಸಾಲಿನಂಥ ಅಕ್ಷರಗಳ ಬೆನ್ನು ಹತ್ತಿದೆ.
ಅಲ್ಲಿದ್ದ ನಂಬರಿಗೆ ಫೋನು ಮಾಡಿದರೆ
ಮೊದಲು ವೀಣೆ, ಆಮೇಲೆ ಹಿಂದಿ,
ಆಮೇಲೆ ಒಂದು ದಣಿದ ಹೆಣ್ಣುದನಿ:
"ತಯಾರಾದ ಮಾಲನ್ನು ನಾವು ಪ್ರಾಣಿಗಳ ಮೇಲೆ
ಪರೀಕ್ಷಿಸುವುದಿಲ್ಲ ಮೇಡಂ."
ತಯಾರಾಗೋ ಮೊದಲು? ಒಳಗೆ ಹಾಕೋ ಸಾಮಾನು?
ಹೊರದೇಶದಲ್ಲಿ?
ಮತ್ತೆ ವೀಣೆ.
ಹಾಲು ಉಕ್ಕಿತಾ ಅಂದರೆ
ಒಲೆ ಒರೆಸಿದೀನಿ ಅಂದ ಹಾಗೆ.

ಗುರುವಾರ ಮಾಮೂಲ್‌ಪೇಟೆ. ತಿಪ್ಪೇಸ್ವಾಮಿ
ಏಣಿಯ ಮೇಲಿಂದಲೇ ನಕ್ಕ:
"ಮೊಲ ಇರೋದು ಬೇಕಾ ಅಕ್ಕ? ಮಾಲು ಯಾವ್ದಾದ್ರೂ ತಗೊಳ್ಳಿ,
ಮೊಲ ಬೇರೆ ಸಿಗತ್ತೆ."
ಒಂದು ಹಾಳೆ ಇಳಿಬಿಟ್ಟ. ಸ್ಟಿಕ್ಕರು.
ನಲವತ್ತೆಂಟು ಹಸಿರು ಮೊಲ, ಮೂವತ್ತು ರೂಪಾಯಿ.
ಕೊಂಡೆನಾ? ಕೊಂಡೆ. ಸುಳ್ಳು ಯಾಕೆ ಹೇಳಲಿ.
ಬಸ್ಸಿನ ಕಿಟಕಿಗೆ ಹಿಡಿದು ನೋಡಿದೆ,
ಎಲ್ಲವೂ ನೆಗೆಯುತ್ತಿದ್ದವು, ಎಲ್ಲೂ ಇಳಿಯದೆ.
ಬರೆದವನ ಅವಸರವೋ ಅಚ್ಚಿನ ತಪ್ಪೋ,
ಒಂದೊಂದಕ್ಕೂ ಮೂರೇ ಕಾಲು!
ಗಾದೆ ಕಟ್ಟಿದವರು ಈ ಅಂಗಡಿಗೆ ಬಂದಿದ್ದರೇನೋ.
ಒಬ್ಬಳೇ ನಕ್ಕೆ. ಪಕ್ಕದ ಹೆಂಗಸು
ಚೀಲ ಎದೆಗವಚಿ ಸರಿದು ಕೂತಳು.

ಶನಿವಾರ ಸಾಕಮ್ಮ ತಲೆಗೆ ಬಣ್ಣ ಹಚ್ಚಿಸಲು ಬಂದರು.
ಐದನೆಯ ಹೆಣ್ಣು; ಇನ್ನು ಸಾಕು ಅಂತ ಇಟ್ಟ ಹೆಸರು.
ಕಿವಿಯ ಹಿಂದೊಂದು ಚುಕ್ಕೆ ಹಚ್ಚಿ
ಉರಿಯುತ್ತದಾ ಅಂತ ಕಾಯುತ್ತಿದ್ದೆವು.
ಮೇಜಿನ ಮೇಲಿನ ಹಾಳೆ ನೋಡಿದರು.
"ಪೀಣ್ಯದಲ್ಲಿ ಹನ್ನೊಂದು ವರ್ಷ ಇವನ್ನೇ ಸಾಕಿದೆ."
ನನಗೆ ಗೊತ್ತಿರಲಿಲ್ಲ. ಫ್ಯಾಕ್ಟರಿ ಅಂದಿದ್ದರು, ಅಷ್ಟೆ.
"ಪೆಟ್ಟಿಗೆಯಿಂದ ತಲೆ ಮಾತ್ರ ಆಚೆ.
ಕೆಳರೆಪ್ಪೆ ಎಳೆದು ಹಿಡಿಯೋದು ನನ್ನ ಕೆಲಸ.
ಹನಿ ಹಾಕೋರು ಬೇರೆ, ಬರಕೊಳ್ಳೋರು ಬೇರೆ.
ಅದಕ್ಕೆ ನಮ್ಮಷ್ಟು ಕಣ್ಣೀರು ಬರಲ್ಲ ಕಣಮ್ಮ.
ಬಂದಿದ್ರೆ ಎಲ್ಲಾ ತೊಳಕೊಂಡು ಹೋಗ್ತಿತ್ತಲ್ಲ,
ಅದಕ್ಕೇ ಅದನ್ನ ಆರಿಸಿದ್ದು."
ಈಗ ಇಲ್ಲಿ ಕಾನೂನು ಬಂದಿದೆ ಅಂದೆ.
ಬಂತಂತೆ, ಅಂದರು. ಅವರು ಬಿಟ್ಟದ್ದು ಅದಕ್ಕೂ ಮೊದಲು.
"ಯಾಕೆ ಬಿಟ್ರಿ?"
"ಸಾಕಾಯ್ತು."
ಕಿವಿಯ ಹಿಂದೆ ಏನೂ ಉರಿದಿರಲಿಲ್ಲ.
ಬಣ್ಣ ಕಲಸಿದೆ.

ಅವತ್ತು ಕಪಾಟು ಖಾಲಿ ಮಾಡಿ ಬೇರ್ಪಡಿಸಿದೆ.
ಇಲ್ಲ ಅಂತ ಬರೆದು ಕೊಟ್ಟವರು ಇಬ್ಬರು.
ಹೌದು ಅಂದವರು ಯಾರೂ ಇಲ್ಲ.
ಉಳಿದದ್ದೆಲ್ಲ ಗೊತ್ತಿಲ್ಲ,
ಅದು ತಟ್ಟೆಯಲ್ಲಿ ಹಿಡಿಸದೆ ಬಕೆಟ್ಟಿಗೆ ಬಂತು.
ಎಸೆಯಲಿಲ್ಲ. ಐದನೇ ತಾರೀಖು ಬಾಡಿಗೆ.
ಸ್ಟಿಕ್ಕರಿನ ಹಾಳೆ ಡ್ರಾಯರಿನಲ್ಲಿದೆ,
ನಲವತ್ತೆಂಟೂ ಇವೆ.

ನಾಗರಭಾವಿಯ ಛತ್ರ, ಬೆಳಗಿನ ಜಾವ ನಾಲ್ಕು.
ಪ್ರೇಕ್ಷಾ ನಿದ್ದೆಗಣ್ಣಲ್ಲಿ ಬಂದು ಕೂತಳು:
"ಗೊತ್ತಾಯ್ತಾ ಆಂಟಿ?"
"ಎರಡರದು ಗೊತ್ತಾಯ್ತು. ಅವೆರಡನ್ನೇ ತಂದಿದೀನಿ.
ಕಾಡಿಗೆದು ಗೊತ್ತಾಗ್ಲಿಲ್ಲ."
ಅವಳು ಅಕ್ಕನನ್ನು ನೋಡಿದಳು.
ಅಕ್ಕ, ಕಾಡಿಗೆ ಬೇಕೇ ಬೇಕು ಅಂದಳು.

ಹೆಬ್ಬೆರಳಿಂದ ಕೆಳರೆಪ್ಪೆ ಎಳೆದು ಹಿಡಿದೆ.
ಕಣ್ಣು ತುಂಬಿಕೊಂಡಿತು.
"ಸಾರಿ ಆಂಟಿ, ಎಲ್ಲಾ ಹಾಳಾಗತ್ತೆ."
ಬರಲಿ ಬಿಡಮ್ಮ, ಅಂದೆ.
ಕೈ ತೆಗೆದು,
ಹತ್ತಿ ಹಿಡಿದು ಕಾದೆ.